ಕತ್ತಲಾದ ಮೇಲೆ ಗುಡಿಸಬಾರದು

ತೋಟ ಇರುವುದು ಸುಳ್ಯ ತಾಲೂಕಿನಲ್ಲಿ, ಪೇಟೆಯ ವ್ಯವಹಾರವೆಲ್ಲ ಪುತ್ತೂರಿನಲ್ಲಿ, ಮೊಬೈಲಿಗೆ ಆಸರೆಯಾದ ಟವರ್ ಕಡಬ ತಾಲೂಕಿನ ಒಂದು ಗುಡ್ಡದ ಮೇಲೆ. ಫೆಬ್ರವರಿಯ ರಾತ್ರಿ, ಊಟ ಮುಗಿದಿದೆ. ಅಂಗಳದ ತುಂಬ ಅಡಿಕೆ ಹರವಿದೆ. ಜಗಲಿಯಲ್ಲಿ ಮಾವ, ಎದುರಿಗೆ ನಾಲ್ಕು ದಿನ ರಜೆ ಹಾಕಿ ಬೆಂಗಳೂರಿನಿಂದ ಬಂದ ಸೊಸೆ. ನಮ್ಮ ಕಡೆ ತಂಗಿಯ ಮಗಳೂ ಸೊಸೆಯೇ. ಇವಳು ಆ ಲೆಕ್ಕದ ಸೊಸೆ. ಆಂಡ್ರಾಯ್ಡ್ ಫೋನುಗಳಿಗೆ ಆ್ಯಪ್ ಬರೆಯುವುದು ಅವಳ ಉದ್ಯೋಗ.

ಸೊಸೆ: ಎಂತ ಮಾವ ಅದು, ಆಗಿನಿಂದ ಬೆರಳಲ್ಲಿ ಮೇಲೆ ಮೇಲೆ ತಳ್ತಾ ಇದ್ದೀರಿ?

ಮಾವ: ಗುಡಿಸುವುದು. ವಾಟ್ಸಾಪ್, ಬ್ಯಾಂಕಿನದ್ದು, ಯೂಟ್ಯೂಬ್, ಪಂಪಿನದ್ದು, ಮಳೆ ಬರ್ತದಾ ಅಂತ ನೋಡುವುದು. ಬೆಳಿಗ್ಗೆಯಿಂದ ತೆರೆದದ್ದೆಲ್ಲ ಒಳಗೆ ಓಡ್ತಾ ಇರ್ತದಲ್ಲ? ಮಲಗುವ ಮೊದಲು ಒಮ್ಮೆ ಗುಡಿಸಿ ಹಾಕಿದರೆ ಬ್ಯಾಟರಿ ಉಳೀತದೆ. ಮೊಬೈಲ್ ಅಂಗಡಿಯವ ಹೇಳಿಕೊಟ್ಟದ್ದು.

ಸೊಸೆ: ಕತ್ತಲಾದ ಮೇಲೆ ಗುಡಿಸಬಾರದು ಅಂತ ಅಜ್ಜಿ ಹೇಳ್ತಾ ಇದ್ದದ್ದು ಮರೆತುಹೋಯಿತಾ?

ಮಾವ: ಅದು ಮನೆಗೆ. ಲಕ್ಷ್ಮಿ ಹೊರಗೆ ಹೋಗ್ತಾಳೆ ಅಂತ.

ಸೊಸೆ: ಇಲ್ಲಿ ಹೊರಗೆ ಹೋಗುವುದು ಪಂಪಿನ ಸುದ್ದಿ. ಮೊನ್ನೆ ರಾತ್ರಿ ತ್ರೀಫೇಸ್ ಬಂದದ್ದೂ ಗೊತ್ತಾಗಲಿಲ್ಲ, ಪಂಪು ನೀರೆಳೆಯದೆ ನಿಂತದ್ದೂ ಗೊತ್ತಾಗಲಿಲ್ಲ, ಮೇಲಿನ ತೋಟಕ್ಕೆ ನೀರೇ ಹೋಗಲಿಲ್ಲ ಅಂತ ಅತ್ತೆ ಹೇಳ್ತಾ ಇದ್ದರು.

ಮಾವ: ಅದು ಆ್ಯಪಿನವರ ದೋಷ ಮಾರಾಯ್ತಿ. ಸಿಮ್ ಹಾಕಿದ ಸ್ಟಾರ್ಟರು, ದುಡ್ಡು ಕೊಟ್ಟು ಕೂರಿಸಿದ್ದು. ಕರೆಂಟು ಬಂದರೆ ಮೊಬೈಲು ಹೇಳ್ತದೆ ಅಂತ ಮಾರಿದವ. ಹಗಲು ಹೇಳ್ತದೆ, ರಾತ್ರಿ ಹೇಳುವುದಿಲ್ಲ.

ಸೊಸೆ: ರಾತ್ರಿ ನೀವು ಅದರ ಬಾಯಿ ಕಟ್ಟಿ ಮಲಗುವುದಲ್ಲ. ಹೇಳುವುದು ಹೇಗೆ?

ಮಾವ: ನಾನು ಮುಚ್ಚಿದ್ದು ಮಾತ್ರ.

ಸೊಸೆ: ಅಲ್ಲೇ ಎಡವಟ್ಟು. ಒಂದು ಕೆಲಸ ಮಾಡಿ. ಉಳಿದದ್ದನ್ನು ಈಗ ಗುಡಿಸಬೇಡಿ. ಫೋನನ್ನು ಪೂರ್ತಿ ಆಫ್ ಮಾಡಿ, ಮತ್ತೆ ಆನ್ ಮಾಡಿ, ಆಮೇಲೆ ಆ ಪಟ್ಟಿ ನೋಡಿ.

(ಫೋನು ಆರಿ ಹೊತ್ತಿಕೊಳ್ಳುವವರೆಗೆ ಎರಡು ನಿಮಿಷ. ಹಟ್ಟಿಯಿಂದ ದನದ ಗಂಟೆಯ ಸದ್ದು.)

ಮಾವ: ಎಲ್ಲ ಹಾಗೆಯೇ ಉಂಟಲ್ಲ! ಬ್ಯಾಂಕಿನದ್ದೂ ಉಂಟು, ಯೂಟ್ಯೂಬೂ ಉಂಟು.

ಸೊಸೆ: ಫೋನು ಆರಿದಾಗ ಅದರೊಳಗೆ ಓಡುವಂಥದ್ದು ಏನೂ ಉಳಿಯುವುದಿಲ್ಲ. ಆದರೂ ಪಟ್ಟಿ ಇದೆ. ಎಂದರೆ ಅದು ಓಡುತ್ತಿರುವ ಆ್ಯಪುಗಳ ಪಟ್ಟಿ ಅಲ್ಲ. ನಮ್ಮ ಚಾವಡಿಯ ಗೋಡೆ ನೋಡಿ. ಅಜ್ಜನ ಫೋಟೊ ಉಂಟು, ದೊಡ್ಡಮ್ಮನದ್ದು ಉಂಟು, ನಿಮ್ಮ ಮದುವೆಯದ್ದೂ ಉಂಟು. ಇರುವವರೂ ಅಲ್ಲೇ, ಹೋದವರೂ ಅಲ್ಲೇ. ಆ ಪಟ್ಟಿಯೂ ಹಾಗೆ. ಒಂದೊಂದು ಆ್ಯಪು ಕೊನೆಗೆ ಕಂಡ ಹಾಗೆ ಒಂದು ಚಿತ್ರ, ಅಷ್ಟೆ. ಅದರ ಹಿಂದೆ ಜೀವ ಉಂಟಾ ಇಲ್ಲವಾ ಎಂದು ಚಿತ್ರ ನೋಡಿದರೆ ತಿಳಿಯುವುದಿಲ್ಲ.

ಮಾವ: ಹಾಗಾದರೆ ನಾನು ಇಷ್ಟು ವರ್ಷ ಫೋಟೊ ಗುಡಿಸಿದ್ದಾ?

ಸೊಸೆ: ಅರ್ಧ ಫೋಟೊ. ಉಳಿದರ್ಧದಲ್ಲಿ ಜೀವ ಇತ್ತು.

ಮಾವ: ಸರಿ, ನನಗೆ ತಿಳಿಯುವ ಭಾಷೆಯಲ್ಲಿ ಹೇಳು. ಯಕ್ಷಗಾನದ ಆಟ ನೋಡಿದ್ದೀಯಲ್ಲ? ರಂಗಸ್ಥಳದಲ್ಲಿ ಕುಣಿಯುವ ವೇಷ ಒಂದೆರಡು. ಉಳಿದವರು ಚೌಕಿಯಲ್ಲಿ. ಕೆಲವರು ಕಿರೀಟ ಕಟ್ಟಿ ತಯಾರು, ಕೆಲವರು ಬಣ್ಣ ಹಚ್ಚಿಕೊಂಡೇ ಒರಗಿ ನಿದ್ದೆ, ಕೆಲವರದ್ದು ಬಣ್ಣ ತೆಗೆದೂ ಆಗಿದೆ. ನಿನ್ನ ಆ್ಯಪುಗಳೂ ಹಾಗೆಯಾ?

ಸೊಸೆ: ನಾನು ಕಾಲೇಜಿನಲ್ಲಿ ಆರು ತಿಂಗಳು ಕಲಿತದ್ದನ್ನು ನೀವು ಮೂರು ವಾಕ್ಯದಲ್ಲಿ ಹೇಳಿಬಿಟ್ಟಿರಿ. ಪರದೆಯ ಮೇಲೆ ಕಾಣುವ ಆ್ಯಪ್ ರಂಗಸ್ಥಳದಲ್ಲಿ. ನೀವು ಹೋಮ್ ಒತ್ತಿದರೆ ಅದು ಚೌಕಿಗೆ. ಹೋಗುವಾಗ ಆಂಡ್ರಾಯ್ಡ್ ಅದಕ್ಕೆ ಎರಡು ಸಲ ಕೂಗಿ ಹೇಳ್ತದೆ. ಮೊದಲು ‘ಪಾಜ್’, ಎಂದರೆ ನಿನ್ನ ಮೇಲಿನ ಗಮನ ಸರಿಯಿತು. ಆಮೇಲೆ ‘ಸ್ಟಾಪ್’, ನೀನು ಇನ್ನು ಕಾಣುವುದೇ ಇಲ್ಲ. ಮತ್ತೆ ಕರೆದಾಗ ‘ಸ್ಟಾರ್ಟ್’, ‘ರೆಸ್ಯೂಮ್’. ನಾವು ಆ್ಯಪ್ ಬರೆಯುವವರು ಒಂದೊಂದು ಕೂಗಿಗೂ ಎಂತ ಮಾಡಬೇಕು ಎಂದು ಬರೆದಿಡಬೇಕು. ಹಾಡು ನಿಲ್ಲಿಸು, ಕ್ಯಾಮರಾ ಬಿಟ್ಟುಕೊಡು, ಬರೆದದ್ದನ್ನು ಉಳಿಸು, ಹೀಗೆ.

ಮಾವ: ಚೌಕಿಯಲ್ಲಿ ಕೂತವ ಸುಮ್ಮನೆ ಕೂತರೂ ಜಾಗ ಹಿಡಿಯುವುದಿಲ್ಲವಾ?

ಸೊಸೆ: ಜಾಗ ಹಿಡೀತಾನೆ, ಊಟ ಮಾಡುವುದಿಲ್ಲ. ಆ ವ್ಯತ್ಯಾಸವೇ ಮುಖ್ಯ ಮಾವ. ಜಾಗ ಎಂದರೆ ರ್‍ಯಾಮ್. ಊಟ ಎಂದರೆ ಬ್ಯಾಟರಿ. ಸುಮ್ಮನೆ ಕೂತ ಆ್ಯಪಿಗೆ ಪ್ರೊಸೆಸರಿನ ಸಮಯವೇ ಸಿಗದ ಹಾಗೆ ಹೆಪ್ಪುಗಟ್ಟಿಸಿ ಇಡುವ ವ್ಯವಸ್ಥೆ 2020ರಲ್ಲಿ, ಆಂಡ್ರಾಯ್ಡ್ 11ರ ಕಾಲಕ್ಕೆ ಬಂತು. ರ್‍ಯಾಮ್ ಖಾಲಿ ಇದ್ದರೂ ಒಂದೇ, ತುಂಬಿದ್ದರೂ ಒಂದೇ, ಕರೆಂಟು ಅಷ್ಟೇ ಬೇಕು. ನಿಮ್ಮ ಅಂಗಳ ಖಾಲಿ ಬಿಟ್ಟರೆ ಬಿಸಿಲೇನೂ ಉಳಿತಾಯ ಆಗುವುದಿಲ್ಲವಲ್ಲ?

ಮಾವ: ಅಂಗಳ ಖಾಲಿ ಬಿಡುವವ ಕೃಷಿಕನೇ ಅಲ್ಲ. ಆದರೆ ಜಾಗ ಸಾಲದೆ ಹೋದರೆ?

ಸೊಸೆ: ಆಗ ಆಂಡ್ರಾಯ್ಡ್ ಒಬ್ಬೊಬ್ಬರನ್ನೇ ಎಬ್ಬಿಸಿ ಕಳಿಸ್ತದೆ. ಕಳಿಸ್ತದೆ ಎಂದದ್ದು ಮರ್ಯಾದೆಯ ಮಾತು. ಕೊಲ್ತದೆ. ಆ ಕೆಲಸ ಮಾಡುವ ಭಾಗದ ಹೆಸರೇ ‘ಲೋ ಮೆಮೊರಿ ಕಿಲ್ಲರ್’.

ಮಾವ: ಯಾರನ್ನು ಮೊದಲು?

ಸೊಸೆ: ಪ್ರತಿಯೊಂದಕ್ಕೂ ಒಂದು ಅಂಕ ಉಂಟು. ಇದು ಉಲ್ಟಾ ಪರೀಕ್ಷೆ, ಹೆಚ್ಚು ಅಂಕ ಬಂದವ ಮೊದಲು ಹೋಗುವುದು. ನೀವು ನೋಡುತ್ತಿರುವ ಆ್ಯಪಿಗೆ ಸೊನ್ನೆ. ಪರದೆಯಲ್ಲಿ ಇಲ್ಲದಿದ್ದರೂ ಕಿವಿಗೆ ಕೇಳುವ ಹಾಡಿನಂಥದ್ದಕ್ಕೆ 200ರ ಆಸುಪಾಸು. ಹೋಮ್ ಪರದೆಗೆ 600. ಈಗಷ್ಟೇ ಬಿಟ್ಟುಬಂದ ಆ್ಯಪಿಗೆ 700. ಸುಮ್ಮನೆ ಕೂತ ಉಳಿದವಕ್ಕೆಲ್ಲ 900ರಿಂದ 999. ಫೋನಿನ ಒಡಲಿನ ಕೆಲಸಗಳಿಗೆ ಸೊನ್ನೆಗಿಂತ ಕೆಳಗೆ, ಮೈನಸ್ 800, ಮೈನಸ್ 900; ಅವುಗಳ ಹತ್ತಿರ ಹೋಗುವುದಿಲ್ಲ.

ಮಾವ: ಅಡಿಕೆ ವಿಂಗಡಿಸಿದ ಹಾಗೆ. ಚಾಲಿ ಬೇರೆ, ಪಟೋರ ಬೇರೆ, ಕರಿಗೋಟು ಬೇರೆ. ಚೀಲ ಸಾಲದಿದ್ದರೆ ಕರಿಗೋಟನ್ನು ಮೊದಲು ಹೊರಗಿಡುವುದು.

ಸೊಸೆ: ಹೌದು, ಆದರೆ ಗುಣ ನೋಡಿ ಅಲ್ಲ, ನಿಮಗೆ ಈ ಗಳಿಗೆಯಲ್ಲಿ ಎಷ್ಟು ಬೇಕು ಎಂದು ನೋಡಿ. ಐದು ನಿಮಿಷದ ನಂತರ ಚಾಲಿಯೇ ಕರಿಗೋಟು ಆಗಬಹುದು.

ಮಾವ: ಹೋಗು ಅಂತ ಹೇಳುವ ಮೊದಲು ಅವನಿಗೆ ತಿಳಿಸ್ತಾರಾ?

ಸೊಸೆ: ಇಲ್ಲ. ನಿಮ್ಮ ಚೌಕಿಯ ಹೋಲಿಕೆ ಇಲ್ಲಿ ಮುರಿದುಬೀಳುವುದು. ‘ಪಾಜ್’, ‘ಸ್ಟಾಪ್’ ಎಂದು ಕೂಗಿ ಹೇಳುವ ಆಂಡ್ರಾಯ್ಡ್ ಕೊಲ್ಲುವಾಗ ಮಾತ್ರ ಬಾಯಿ ಬಿಡುವುದಿಲ್ಲ. ‘ಡಿಸ್ಟ್ರಾಯ್’ ಎಂಬ ಕೂಗು ಒಂದುಂಟು, ಆದರೆ ಜಾಗ ಸಾಲದೆ ಕೊಂದಾಗ ಅದು ಕೇಳಿಸುವ ಖಾತ್ರಿ ಇಲ್ಲ. ಆದ್ದರಿಂದ ‘ಸ್ಟಾಪ್’ ಎಂದು ಕೇಳಿದ ಕ್ಷಣದಲ್ಲೇ ಆ್ಯಪು ತನ್ನ ವಿಲ್ ಬರೆದಿಡಬೇಕು. ಇದು ಯಾವ ಅಡ್ಡದಾರಿಯೂ ಅಲ್ಲ, ನಿಯಮವೇ ಹಾಗೆ.

ಮಾವ: ಅನ್ಯಾಯ.

ಸೊಸೆ: ಹುಟ್ಟಿದ ಕಾಲ ನೋಡಿ. 2008ರಲ್ಲಿ ಮಾರುಕಟ್ಟೆಗೆ ಬಂದ ಮೊದಲ ಆಂಡ್ರಾಯ್ಡ್ ಫೋನಿನಲ್ಲಿ ಇದ್ದ ರ್‍ಯಾಮ್ 192 ಎಂಬಿ. ನಿಮ್ಮ ಈ ಫೋನಿನಲ್ಲಿ ಅದರ ಇಪ್ಪತ್ತು ಪಾಲು ಉಂಟು. ಆ ಅಂಗೈಯಗಲ ಜಾಗದಲ್ಲಿ ಹತ್ತು ಆ್ಯಪು ಒಟ್ಟಿಗೆ ಇದ್ದ ಹಾಗೆ ತೋರಿಸಬೇಕಿತ್ತು. ಅದಕ್ಕೆ ಹುಡುಕಿದ ಉಪಾಯ ಇದು: ಆ್ಯಪು ಸತ್ತರೂ ಸಾಯದ ಹಾಗೆ ಕಾಣಬೇಕು. ಕೊಲ್ಲುವ ಮೊದಲೇ ಒಂದು ಪೆಟ್ಟಿಗೆಯಲ್ಲಿ ಅದರ ಸ್ಥಿತಿ ಇಡಿಸಿಕೊಳ್ಳುವುದು. ಯಾವ ಪುಟದಲ್ಲಿದ್ದೆ, ಎಂತ ಬರೆದಿದ್ದೆ, ಎಷ್ಟು ಕೆಳಗೆ ಜಾರಿಸಿದ್ದೆ, ಇಷ್ಟು. ಮತ್ತೆ ಕರೆದಾಗ ಹೊಸ ದೇಹ, ಹಳೆಯ ಪೆಟ್ಟಿಗೆ. ಚೆನ್ನಾಗಿ ಬರೆದ ಆ್ಯಪಾದರೆ ನಡುವೆ ಒಂದು ಸಾವು ಆಗಿಹೋಯಿತು ಎಂದು ನಿಮಗೆ ಗೊತ್ತೇ ಆಗುವುದಿಲ್ಲ. ಐಫೋನಿನವರು ಬೇರೆ ದಾರಿ ಹಿಡಿದರು. 2010ರವರೆಗೆ ಹೊರಗಿನವರ ಆ್ಯಪುಗಳನ್ನು ಚೌಕಿಯಲ್ಲಿ ಕೂರಿಸಲೇ ಇಲ್ಲ, ಹೋಮ್ ಒತ್ತಿದರೆ ಮಂಗಳ ಹಾಡಿ ಮನೆಗೆ. ಆಮೇಲೆ ಅವರೂ ಇದಕ್ಕೇ ಬಂದರು.

ಮಾವ: ನೀನು ಚೆನ್ನಾಗಿ ಬರೆದ ಆ್ಯಪಾದರೆ ಎಂದೆ. ಚೆನ್ನಾಗಿ ಬರೆಯದಿದ್ದರೆ?

ಸೊಸೆ: ಅದು ನಿಮಗೇ ಗೊತ್ತು. ಹೋದ ವರ್ಷ ಅರ್ಜಿ ತುಂಬಿಸುವಾಗ ಆದದ್ದನ್ನು ನೀವೇ ಫೋನಿನಲ್ಲಿ ಬೈದು ಬೈದು ಹೇಳಿದ್ದಿರಿ.

ಮಾವ: ಹೋ, ಅದಾ! ಆ ಆ್ಯಪಿನ ಹೆಸರು ಹೇಳಿದರೆ ಬಾಯಿ ಹೊಲಸಾಗ್ತದೆ. ಸರ್ವೆ ನಂಬ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ನಂಬ್ರ, ಎಷ್ಟು ಮರ, ಎಷ್ಟು ಮರಕ್ಕೆ ರೋಗ, ಎಲ್ಲ ತುಂಬಿಸಿದೆ. ಕನ್ನಡಕ ಹಾಕಿಕೊಂಡು ಮುಕ್ಕಾಲು ಗಂಟೆ. ಕೊನೆಗೆ ಪಹಣಿಯ ಫೋಟೊ ತೆಗೆಯಿರಿ ಅಂತ ಬಂತು. ಕ್ಯಾಮರಾ ತೆರೆಯಿತು, ಫೋಟೊ ತೆಗೆದೆ, ಸರಿ ಒತ್ತಿದೆ. ತಿರುಗಿ ಬಂದರೆ ಮೊದಲ ಪುಟ! ‘ನಿಮ್ಮ ಹೆಸರು ನಮೂದಿಸಿ’. ಮೂರು ಸಲ ಹಾಗೆಯೇ ಆಯಿತು. ನಾಲ್ಕನೇ ಸಲಕ್ಕೆ ಪುತ್ತೂರಿಗೆ ಹೋಗಿ ಅಂಗಡಿಯಲ್ಲಿ ಕೂತು ದುಡ್ಡು ಕೊಟ್ಟು ಮಾಡಿಸಿದೆ. ನನಗೇ ತಿಳಿಯುವುದಿಲ್ಲ, ಬೆರಳು ಎಲ್ಲಿಯೋ ತಾಗಿರಬೇಕು ಅಂತ ಇದ್ದೆ.

ಸೊಸೆ: ನಿಮ್ಮ ಬೆರಳು ಎಲ್ಲಿಗೂ ತಾಗಲಿಲ್ಲ. ಕ್ಯಾಮರಾ ತೆರೆದಾಗ ಆದದ್ದು ಇಷ್ಟು. ಕ್ಯಾಮರಾ ಬೇರೆ ಆ್ಯಪು, ಬಣ್ಣದ ವೇಷದ ಹಾಗೆ, ಬಂದರೆ ಇಡೀ ರಂಗಸ್ಥಳ ಬೇಕು. ಅರ್ಜಿಯ ಆ್ಯಪು ಚೌಕಿಗೆ ಸರಿಯಿತು. 900ರ ಮೇಲಿದ್ದವರನ್ನೆಲ್ಲ ಕಳಿಸಿದರೂ ಜಾಗ ಸಾಲಲಿಲ್ಲ. ಮುಂದಿನವ 700ರವ, ಅದೇ ನಿಮ್ಮ ಅರ್ಜಿ. ಅದನ್ನೂ ಕಳಿಸಿಬಿಟ್ಟಿತು. ಫೋಟೊ ಮುಗಿದ ಮೇಲೆ ಆಂಡ್ರಾಯ್ಡ್ ನಿಯಮದಂತೆ ಆ್ಯಪನ್ನು ಮತ್ತೆ ಹುಟ್ಟಿಸಿ ‘ತಗೋ ನಿನ್ನ ಪೆಟ್ಟಿಗೆ’ ಅಂತ ಕೊಟ್ಟಿತು. ಪೆಟ್ಟಿಗೆ ತೆರೆದರೆ ಒಳಗೆ ಎಂತದೂ ಇಲ್ಲ. ಬರೆದವ ಏನನ್ನೂ ಇಟ್ಟೇ ಇರಲಿಲ್ಲ.

ಮಾವ: ಇಡಲಿಕ್ಕೆ ಕಷ್ಟವಾ?

ಸೊಸೆ: ಕಷ್ಟ ಇಲ್ಲ, ಉದಾಸೀನ. ಪೆಟ್ಟಿಗೆ ಚಿಕ್ಕದು, ಒಂದು ಎಂಬಿಯ ಒಳಗೆ ಎಲ್ಲ ಹಿಡಿಸಬೇಕು, ದೊಡ್ಡ ಫೋಟೊ ತುರುಕಿದರೆ ಆ್ಯಪೇ ಮಗುಚಿ ಬೀಳ್ತದೆ. ಆದರೆ ಅರ್ಜಿಯ ಅಕ್ಷರಗಳಿಗೆ ಧಾರಾಳ ಜಾಗ ಉಂಟು. ಇಲ್ಲವಾದರೆ ಪ್ರತಿ ಸಾಲು ತುಂಬಿದ ಕೂಡಲೇ ಫೋನಿನ ಅಟ್ಟದಲ್ಲಿ, ಸ್ಟೋರೇಜಿನಲ್ಲಿ, ಬರೆದಿಡಬಹುದು. ಅಲ್ಲಿಟ್ಟದ್ದು ಫೋನು ಆರಿದರೂ ಉಳೀತದೆ. ಇದನ್ನು ಪರೀಕ್ಷೆ ಮಾಡಲಿಕ್ಕೆ ಫೋನಿನಲ್ಲೇ ಒಂದು ಗುಂಡಿ ಉಂಟು ಮಾವ. ಡೆವಲಪರ್ ಆಯ್ಕೆಗಳೊಳಗೆ ಹೋಗಿ ಅದನ್ನು ಒತ್ತಿದರೆ, ಬಿಟ್ಟುಹೋದ ಪ್ರತಿ ಪರದೆಯನ್ನೂ ಆಂಡ್ರಾಯ್ಡ್ ತಕ್ಷಣ ಕೆಡವಿಹಾಕ್ತದೆ. ಅದೂ ಬೇಡ, ಅರ್ಜಿ ತುಂಬಿಸುವಾಗ ಫೋನನ್ನು ಒಮ್ಮೆ ಅಡ್ಡ ತಿರುಗಿಸಿದರೆ ಸಾಕು. ಸುಮ್ಮನೆ ಬಿಟ್ಟರೆ ಆಂಡ್ರಾಯ್ಡ್ ಆಗಲೂ ಪರದೆಯನ್ನು ಬಿಚ್ಚಿ ಹೊಸದಾಗಿ ಕಟ್ಟುವುದು. ಬರೆದ ಹೆಸರು ಮಾಯವಾದರೆ ಆ್ಯಪು ಕಚ್ಚಾ ಎಂದರ್ಥ. ನಮ್ಮಲ್ಲಿ ಹೆಚ್ಚಿನವರು ಆ ಒಂದು ನಿಮಿಷದ ಪರೀಕ್ಷೆಯನ್ನೂ ಮಾಡುವುದಿಲ್ಲ. ಫೋನು ತಿರುಗಿದರೂ ಪರದೆ ತಿರುಗದ ಹಾಗೆ ಬೀಗ ಹಾಕಿಬಿಡ್ತಾರೆ.

ಮಾವ: ಗಾಯಕ್ಕೆ ಮದ್ದು ಹಾಕುವುದು ಬಿಟ್ಟು ಅಂಗಿ ತೋಳು ಕೆಳಗೆಳೆದ ಹಾಗೆ.

ಸೊಸೆ: ಇನ್ನು ನಿಮ್ಮ ಗುಡಿಸುವುದಕ್ಕೆ ಬರುವಾ. ಆಂಡ್ರಾಯ್ಡ್ ತಾನಾಗಿ ಕೊಂದರೆ ಪೆಟ್ಟಿಗೆ ಉಳೀತದೆ. ನೀವು ಬೆರಳಲ್ಲಿ ತಳ್ಳಿದರೆ ಪೆಟ್ಟಿಗೆಯೂ ಕಸದ ಒಟ್ಟಿಗೆ ಹೋಗ್ತದೆ. ಯಜಮಾನರೇ ಗುಡಿಸಿದ ಮೇಲೆ ಅವರಿಗೆ ಇನ್ನು ಬೇಡ ಎಂದೇ ಅದು ತಿಳಿಯುವುದು. ಮರುದಿನ ಬೆಳಿಗ್ಗೆ ಎಲ್ಲವನ್ನೂ ಬುಡದಿಂದ ಹುಟ್ಟಿಸಬೇಕು. ಸ್ಟೋರೇಜಿನಿಂದ ಎತ್ತಿ ತರಬೇಕು, ಕಟ್ಟಬೇಕು, ನೆಟ್‌ವರ್ಕಿನಿಂದ ಹೊಸದನ್ನು ಎಳೆಯಬೇಕು. ಆ ಹುಟ್ಟಿಗೆ ಖರ್ಚಾಗುವ ಬ್ಯಾಟರಿ, ಸುಮ್ಮನೆ ಕೂತವನನ್ನು ಕೂರಲು ಬಿಟ್ಟದ್ದಕ್ಕಿಂತ ಹೆಚ್ಚು. 2016ರಲ್ಲಿ ಒಬ್ಬ ಗಿರಾಕಿ ಆ್ಯಪಲ್ ಕಂಪನಿಗೆ ಇದನ್ನೇ ಕೇಳಿ ಪತ್ರ ಬರೆದಿದ್ದ: ನೀವು ಆ್ಯಪುಗಳನ್ನು ಹೀಗೆ ತಳ್ಳಿ ಮುಚ್ಚುತ್ತೀರಾ, ಬ್ಯಾಟರಿಗೆ ಅದು ಬೇಕಾ ಎಂದು. ಸಾಫ್ಟ್‌ವೇರ್ ಮುಖ್ಯಸ್ಥ ಕ್ರೇಗ್ ಫೆಡೆರಿಗಿ ಎರಡಕ್ಕೂ ಇಲ್ಲ ಎಂದು ಉತ್ತರ ಕೊಟ್ಟರು. ಆಂಡ್ರಾಯ್ಡ್ ನೋಡಿಕೊಳ್ಳುತ್ತಿದ್ದ ಹಿರೋಷಿ ಲಾಕ್‌ಹೈಮರ್ ಕೂಡ ಆಗ ಅವರ ಮಾತಿಗೇ ದನಿಗೂಡಿಸಿದರು. ಎರಡು ಮೇಳದ ಭಾಗವತರು ಒಂದೇ ಪದ ಹೇಳಿದ್ದು ಅದೊಂದೇ ಸಲ ಇರಬೇಕು.

ಮಾವ: ಹಾಗಾದರೆ ನನ್ನ ಬ್ಯಾಟರಿ ತಿನ್ನುವುದು ಯಾರು? ಬೆಳಿಗ್ಗೆ ನೂರಿದ್ದದ್ದು ಮಧ್ಯಾಹ್ನ ಊಟಕ್ಕೆ ಬರುವಾಗ ನಲುವತ್ತು. ಫೋನು ಕಿಸೆಯಿಂದ ಹೊರಗೆ ತೆಗೆದೇ ಇರುವುದಿಲ್ಲ.

ಸೊಸೆ: ಕಿಸೆಯಲ್ಲಿಟ್ಟು ಹೋಗುವುದು ಎಲ್ಲಿಗೆ?

ಮಾವ: ಇನ್ನೆಲ್ಲಿಗೆ, ಕೆಳಗಿನ ತೋಟಕ್ಕೆ.

ಸೊಸೆ: ಅಲ್ಲಿ ಸಿಗ್ನಲ್ ಉಂಟಾ?

ಮಾವ: ತೋಡಿನ ಕರೆಯಲ್ಲಿ ಎಲ್ಲಿಂದ ಸಿಗ್ನಲ್. ಒಂದು ಕಡ್ಡಿ ಬರ್ತದೆ, ಹೋಗ್ತದೆ.

ಸೊಸೆ: ಅದೇ ತಿನ್ನುವುದು. ಫೋನಿನೊಳಗಿನ ರೇಡಿಯೋ ಟವರಿನ ಜೊತೆ ಮಾತಾಡ್ತಾ ಇರಬೇಕು. ಟವರ್ ಹತ್ತಿರ ಇದ್ದರೆ ಪಿಸುಮಾತು ಸಾಕು. ದೂರ ಇದ್ದರೆ ಬೊಬ್ಬೆ ಹೊಡೆಯಬೇಕು. ಪೂರ್ತಿ ಕಡಿದುಹೋದರೆ ಒಂದೊಂದೇ ತರಂಗ ಹಿಡಿದು ಎಲ್ಲಿದ್ದೀ ಎಲ್ಲಿದ್ದೀ ಅಂತ ಹುಡುಕ್ತಾ ಇರಬೇಕು. ನಿಮ್ಮ ಕಿಸೆಯಲ್ಲಿ ಬೆಳಿಗ್ಗೆಯಿಂದ ಒಬ್ಬ ಕೂಗ್ತಾ ಇರ್ತಾನೆ, ನಿಮಗೆ ಕೇಳುವುದಿಲ್ಲ ಅಷ್ಟೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ಸ್ಟೇಷನ್ನಿಗೆ 55 ಕಿಲೋಮೀಟರ್ ಘಾಟಿಯಲ್ಲಿ 57 ಸುರಂಗ. ಆ ರೈಲಿನಲ್ಲಿ ಬರುವಾಗ ನನ್ನ ಹೊಸ ಫೋನೂ ಕಣ್ಣೆದುರೇ ಇಳೀತದೆ. ನಾನು ಅಲ್ಲಿ ಏರೋಪ್ಲೇನ್ ಮೋಡ್ ಹಾಕಿಬಿಡ್ತೇನೆ.

ಮಾವ: ನಮ್ಮ ಕಡೆ ಸಿಗ್ನಲ್ ಸಿಗದ್ದು ಹೊಸತಾ? 2021ರ ಮಳೆಗಾಲದಲ್ಲಿ ಪೇಪರಿನಲ್ಲಿ ಬಂದಿತ್ತಲ್ಲ, ಗುತ್ತಿಗಾರಿನ ಬಳ್ಳಕ್ಕದಲ್ಲಿ ಹುಡುಗಿ ಮಾರ್ಗದ ಬದಿ ಕೂತು ಮೊಬೈಲಿನಲ್ಲಿ ಪಾಠ ಕೇಳುವುದು, ಅಪ್ಪ ಮಳೆಗೆ ಕೊಡೆ ಹಿಡಿದು ನಿಂತದ್ದು. ಆ ಪಟ ದೇಶ ಇಡೀ ಸುತ್ತಿತು.

ಸೊಸೆ: ಆ ಪಟ ನಮ್ಮ ಆಫೀಸಿನಲ್ಲೂ ಎಲ್ಲರೂ ನೋಡಿದ್ದಾರೆ. ಎಲ್ಲರೂ ಅಯ್ಯೋ ಪಾಪ ಎಂದರು. ಅಂಥ ಜಾಗದಲ್ಲಿ ನಮ್ಮ ಆ್ಯಪು ಹೇಗೆ ನಡೆಯಬೇಕು ಎಂದು ಒಬ್ಬರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳಬೇಕಿತ್ತು. ನೆಟ್‌ವರ್ಕ್ ಬಂದಾಗ ಮಾತ್ರ ಈ ಕೆಲಸ ಮಾಡು, ಅಲ್ಲಿಯವರೆಗೆ ಸುಮ್ಮನಿರು, ಆ್ಯಪು ಸತ್ತರೂ ಮರೆಯಬೇಡ ಎಂದು ಆಂಡ್ರಾಯ್ಡಿಗೇ ಒಪ್ಪಿಸುವ ಸೌಕರ್ಯ ಉಂಟು. ಅದನ್ನು ಬಳಸದೆ ಕೆಲವು ಆ್ಯಪುಗಳು ನಿಮಿಷಕ್ಕೊಮ್ಮೆ ತಾವೇ ಹೋಗಿ ಬಾಗಿಲು ಬಡೀತವೆ.

ಮಾವ: ಅದಿರಲಿ. ನನ್ನ ಪಂಪಿನ ಸುದ್ದಿ ಎಲ್ಲಿ ಸಿಕ್ಕಿಬಿದ್ದದ್ದು ಹೇಳು.

ಸೊಸೆ: ಮೊದಲು ಸುದ್ದಿ ಬರುವ ದಾರಿ. ಪ್ರತಿ ಮನೆಯವನೂ ಕಾಗದ ಬಂತಾ ಅಂತ ನೋಡಲಿಕ್ಕೆ ದಿನಾ ಪೋಸ್ಟಾಫೀಸಿಗೆ ನಡೆದುಹೋದರೆ ಹೇಗೆ? ಅದಕ್ಕೆ ಒಬ್ಬ ಪೋಸ್ಟ್‌ಮ್ಯಾನ್. ಆಂಡ್ರಾಯ್ಡಿನಲ್ಲೂ ಗೂಗಲ್ಲಿನ ಒಬ್ಬನೇ ಪೋಸ್ಟ್‌ಮ್ಯಾನ್ ಎಲ್ಲ ಆ್ಯಪುಗಳ ಪರವಾಗಿ ಒಂದೇ ಗೆರೆ ತೆರೆದಿಟ್ಟು ಕೂತಿರ್ತಾನೆ. ಕಾಗದ ಬಂದರೆ ಆ ಆ್ಯಪಿನ ಬಾಗಿಲು ಬಡೀತಾನೆ, ಆ್ಯಪು ಸತ್ತಿದ್ದರೆ ಎಬ್ಬಿಸಿ ಕೊಡ್ತಾನೆ. ನಿಮ್ಮ ಫೋನಿಗೆ ಸಿಗ್ನಲ್ ಇಲ್ಲದಿದ್ದರೆ ಆ ಕಡೆಯಲ್ಲಿ ನಾಲ್ಕು ವಾರದವರೆಗೂ ಕಟ್ಟಿಡ್ತಾನೆ.

ಮಾವ: ನಮ್ಮ ಪೋಸ್ಟ್‌ಮ್ಯಾನಿಗಿಂತ ವಾಸಿ. ಮತ್ತೆ ಕಾಗದ ಎಲ್ಲಿ ಹೋಯಿತು?

ಸೊಸೆ: ಎರಡು ಕಡೆ ತಡೆ. ಮೊದಲನೆಯದು ಆಂಡ್ರಾಯ್ಡಿನದ್ದೇ. 2015ರಲ್ಲಿ ಬಂದ ಆಂಡ್ರಾಯ್ಡ್ 6ರಿಂದ ‘ಡೋಜ್’ ಎಂಬುದೊಂದು ಉಂಟು. ಫೋನು ಚಾರ್ಜಿಗೆ ಹಾಕದೆ, ಪರದೆ ಆರಿ, ಅಲುಗಾಡದೆ ಬಿದ್ದಿದ್ದರೆ, ಎಂದರೆ ನೀವು ಮಲಗಿದ ಮೇಲೆ, ಅದೂ ಮಲಗ್ತದೆ. ನಡುನಡುವೆ ಒಮ್ಮೆ ಕಣ್ಣು ಬಿಟ್ಟು ಕಟ್ಟಿಟ್ಟ ಕೆಲಸ ಮುಗಿಸಿ ಮತ್ತೆ ನಿದ್ದೆ. ಮೊದಮೊದಲು ಬೇಗ ಬೇಗ ಕಣ್ಣು ಬಿಡ್ತದೆ, ರಾತ್ರಿ ಆಳವಾದ ಹಾಗೆ ನಿದ್ದೆಯೂ ಉದ್ದ. ತುರ್ತು ಎಂದು ಮುದ್ರೆ ಒತ್ತಿದ ಕಾಗದ ಮಾತ್ರ ನಿದ್ದೆಯಲ್ಲೂ ಎಬ್ಬಿಸ್ತದೆ. ನಿಮ್ಮ ಪಂಪಿನವ ಆ ಮುದ್ರೆ ಒತ್ತಿದ್ದಾನೋ ಇಲ್ಲವೋ ದೇವರಿಗೇ ಗೊತ್ತು. 2018ರ ಆಂಡ್ರಾಯ್ಡ್ 9 ಇನ್ನೊಂದು ಸೇರಿಸಿತು. ನೀವು ಯಾವ ಆ್ಯಪನ್ನು ಎಷ್ಟು ಸಲ ತೆರೀತೀರಿ ಎಂದು ನೋಡಿ, ದಿನಾ ಬೇಕಾದದ್ದು, ಆಗೀಗ ಬೇಕಾದದ್ದು, ಅಪರೂಪದ್ದು ಎಂದು ಬೇರೆ ಬೇರೆ ಬುಟ್ಟಿಗೆ ಹಾಕುವುದು. ಅಪರೂಪದ ಬುಟ್ಟಿಗೆ ಬಿದ್ದವನಿಗೆ ಹಿನ್ನೆಲೆಯಲ್ಲಿ ಕೆಲಸ ಮಾಡಲು ಸಿಗುವ ಹೊತ್ತು ಬಹಳ ಕಡಿಮೆ.

ಮಾವ: ಪಂಪಿನ ಆ್ಯಪನ್ನು ಮಳೆಗಾಲ ಇಡೀ ನಾನು ಮುಟ್ಟುವುದೇ ಇಲ್ಲ.

ಸೊಸೆ: ಈಗ ದಿನಾ ತೆರೀತೀರಿ, ಹಾಗಾಗಿ ಅದು ಮೇಲೆ ಬಂದಿರ್ತದೆ. ನಿಜವಾದ ತಡೆ ಎರಡನೆಯದು. ಗೂಗಲ್ ಬರೆದ ನಿಯಮದಂತೆ ನೀವು ಬೆರಳಲ್ಲಿ ತಳ್ಳಿದರೂ ಪೋಸ್ಟ್‌ಮ್ಯಾನ್ ಕಾಗದ ಕೊಡಬೇಕು. ಆದರೆ ಆಂಡ್ರಾಯ್ಡನ್ನು ಪಡೆದು ಫೋನು ಮಾಡುವ ಕೆಲವು ಕಂಪನಿಗಳು ಮೇಲಿಂದ ತಮ್ಮದೇ ಕಟ್ಟುಪಾಡು ಸೇರಿಸಿವೆ. ನಮ್ಮ ಬ್ಯಾಟರಿ ಎರಡು ದಿನ ಬರ್ತದೆ ಎಂದು ಪೆಟ್ಟಿಗೆ ಮೇಲೆ ಅಚ್ಚು ಹಾಕಬೇಕಲ್ಲ. ಅಂಥ ಫೋನಿನಲ್ಲಿ ನೀವು ತಳ್ಳಿದರೆ ಅದು ‘ಫೋರ್ಸ್ ಸ್ಟಾಪ್’ಗೆ ಸಮ. ಎಂದರೆ ಬಾಗಿಲಿಗೆ ಹೊರಗಿನಿಂದ ಚಿಲಕ. ನೀವಾಗಿ ಮತ್ತೆ ಆ ಆ್ಯಪನ್ನು ತೆರೆಯುವವರೆಗೆ ಪೋಸ್ಟ್‌ಮ್ಯಾನ್ ಬಂದರೂ ಕಾಗದ ಕೊಡುವ ಹಾಗಿಲ್ಲ. ನಿಮ್ಮದು ಅಂಥದ್ದೇ ಎಂದು ಸಾಯಂಕಾಲವೇ ಪರೀಕ್ಷೆ ಮಾಡಿ ನೋಡಿದೆ. ತಳ್ಳಿದ ಮೇಲೆ ಪಂಪು ಚಾಲೂ ಮಾಡಿಸಿದೆ, ಸುದ್ದಿ ಬರಲಿಲ್ಲ. ತಳ್ಳದೆ ಮಾಡಿಸಿದೆ, ಬಂತು.

ಮಾವ: ಇಷ್ಟು ಹೊತ್ತು ನನ್ನನ್ನು ಆಡಿಸಿದ್ದಾ!

ಸೊಸೆ: ಆಡಿಸಿದ್ದಲ್ಲ. ಮೊದಲೇ ಗುಡಿಸಬೇಡಿ ಎಂದರೆ ನೀವು ಕೇಳ್ತಿದ್ದಿರಾ?

ಮಾವ: ಆ ಕಂಪನಿಗಳಿಗೆ ಯಾರೂ ಕೇಳುವವರಿಲ್ಲವಾ?

ಸೊಸೆ: ಬೈಯಲಿಕ್ಕೆ ನನಗೂ ಮನಸ್ಸುಂಟು, ಆದರೆ ಪೂರ್ತಿ ಬೈಯುವ ಹಾಗಿಲ್ಲ. ಮೊದಲು ಅಡ್ಡದಾರಿ ಹಿಡಿದದ್ದು ನಮ್ಮ ಕುಲದವರೇ. ಚೌಕಿಯಲ್ಲಿ ನಿದ್ದೆ ಮಾಡು ಎಂದರೆ ಕದ್ದು ಎದ್ದು ನೀವು ಎಲ್ಲಿದ್ದೀರಿ ನೋಡುವುದು, ಒಂದು ಆ್ಯಪು ಎದ್ದರೆ ಅಣ್ಣ ತಮ್ಮ ಎಂದು ಇನ್ನು ನಾಲ್ಕನ್ನು ಎಬ್ಬಿಸುವುದು, ಜಾಹೀರಾತು ತರಿಸಿಡುವುದು. ಅದಕ್ಕೇ 2017ರಲ್ಲಿ, ಆಂಡ್ರಾಯ್ಡ್ 8ರಲ್ಲಿ, ಕಾಣದ ಹಾಗೆ ಹಿನ್ನೆಲೆಯಲ್ಲಿ ಓಡುವುದಕ್ಕೆ ಕಡಿವಾಣ ಬಿತ್ತು. ಓಡಲೇಬೇಕಾದರೆ ಮೇಲೆ ಒಂದು ಸೂಚನೆ ಕಾಣುವ ಹಾಗೆ ಇಟ್ಟು ಓಡು ಎಂದಾಯಿತು. ನೀವು ಫೋನಿನಲ್ಲಿ ಹಾಡು ಹಾಕಿ ಬೇರೆ ಆ್ಯಪಿಗೆ ಹೋದರೂ ಮೇಲೆ ಒಂದು ಪಟ್ಟಿ ಕಾಣ್ತದಲ್ಲ, ಅದು. 2023ರ ಆಂಡ್ರಾಯ್ಡ್ 14ರಲ್ಲಿ, ಎಂತಕ್ಕೆ ಓಡುವುದು ಎಂಬ ಕಾರಣವನ್ನೂ ಬರೆದುಕೊಡಬೇಕಾಯಿತು. ಕಳ್ಳರಿಗೆ ಹಾಕಿದ ಬೇಲಿ ಎತ್ತರ ಆಗ್ತಾ ಆಗ್ತಾ ಈಗ ಹಾಲಿನವನೂ ಒಳಗೆ ಬರುವ ಹಾಗಿಲ್ಲ.

ಮಾವ: ನನ್ನ ಹಾಲಿನವನಿಗೆ ದಣಪೆ ಎಲ್ಲಿ?

ಸೊಸೆ: ಫೋನು ಕೊಡಿ. ಸೆಟ್ಟಿಂಗ್ಸ್, ಆ್ಯಪ್ಸ್, ಪಂಪಿನದ್ದು, ಬ್ಯಾಟರಿ. ಇಲ್ಲಿ ‘ನಿರ್ಬಂಧ ಇಲ್ಲ’ ಎಂಬುದಕ್ಕೆ ಹಾಕಿದೆ. ‘ಆಟೋಸ್ಟಾರ್ಟ್’ ಅಂತ ಬೇರೆ ಕಡೆ ಉಂಟು, ಅದನ್ನೂ ಕೊಟ್ಟೆ. ಇನ್ನು ಆ ಪಟ್ಟಿಯಲ್ಲಿ ಇದನ್ನು ಒತ್ತಿ ಹಿಡಿದರೆ ಬೀಗದ ಗುರುತು ಬರ್ತದೆ, ನೋಡಿ, ಇನ್ನು ಮರೆತು ಗುಡಿಸಿದರೂ ಇದು ಹೋಗುವುದಿಲ್ಲ. ಇಷ್ಟು ಪಂಪಿನದ್ದಕ್ಕೆ ಮಾತ್ರ. ಎಲ್ಲದಕ್ಕೂ ಕೊಟ್ಟರೆ ಬ್ಯಾಟರಿ ನಿಜವಾಗಿ ಹೋಗ್ತದೆ. ಮತ್ತೆ, ಸ್ಟಾರ್ಟರಿನಲ್ಲಿ ಎಸ್ಸೆಮ್ಮೆಸ್ ಕಳಿಸು ಎಂಬ ಆಯ್ಕೆ ಇತ್ತು, ಅದನ್ನೂ ಹಾಕಿದ್ದೇನೆ. ಎಸ್ಸೆಮ್ಮೆಸ್ಸು ಆ್ಯಪುಗಳ ಕಟ್ಟುಪಾಡಿಗೆ ಒಳಗಾಗುವುದಿಲ್ಲ, ಕರೆ ಬಂದ ಹಾಗೆ ಟವರಿನಿಂದ ನೇರ ಬರ್ತದೆ. ಒಂದು ಕಡ್ಡಿ ಸಿಗ್ನಲ್ ಸಾಕು. ಹಾಗಾಗಿ ರಾತ್ರಿ ಫೋನು ಮೆತ್ತಿಯ ಕಿಟಕಿಯಲ್ಲಿರಲಿ, ದಿಂಬಿನಡಿಯಲ್ಲಿ ಬೇಡ. ಕೆಳಗಿನ ತೋಟಕ್ಕೆ ಹೋಗುವಾಗ ಏರೋಪ್ಲೇನ್ ಮೋಡ್.

ಮಾವ: ಬ್ಯಾಂಕಿನದ್ದು? ಅದು ಪ್ರತಿ ಸಲ ಹೊರಗೆ ಹೋಗಿ ಬಂದರೆ ಮತ್ತೆ ಪಾಸ್‌ವರ್ಡ್ ಕೇಳ್ತದೆ. ಅದನ್ನೂ ಕೊಂದದ್ದೇ?

ಸೊಸೆ: ಅದು ಬೇಕಂತಲೇ. ನೀವು ಬಿಟ್ಟುಹೋದ ಫೋನು ಇನ್ನೊಬ್ಬರ ಕೈಗೆ ಸಿಕ್ಕೀತು ಎಂದು ಅದು ತಾನಾಗಿ ಬಾಗಿಲು ಹಾಕಿಕೊಳ್ಳುವುದು. ಅದರ ಮೇಲೆ ಸಿಟ್ಟು ಬೇಡ.

ಮಾವ: ನಿಮ್ಮ ಆಫೀಸಿನಲ್ಲಿ ಆ್ಯಪು ಪರೀಕ್ಷೆ ಮಾಡುವ ಫೋನು ಎಷ್ಟು ಜಿಬಿಯದ್ದು?

ಸೊಸೆ: ಹನ್ನೆರಡು. ಒಂದೆರಡು ಎಂಟರದ್ದೂ ಉಂಟು.

ಮಾವ: ಸಿಗ್ನಲ್ಲು?

ಸೊಸೆ: ತಲೆ ಮೇಲೆಯೇ ವೈಫೈ.

ಮಾವ: ನಿನ್ನ ಅತ್ತೆಯ ಹಳೇ ಫೋನು ಕಪಾಟಿನಲ್ಲಿ ಉಂಟು. ಎರಡು ಜಿಬಿ, ಪರದೆಯ ಒಂದು ಮೂಲೆ ಒಡೆದಿದೆ, ಮಾತು ಕೇಳ್ತದೆ. ನಾಳೆ ಹೋಗುವಾಗ ಅದನ್ನು ಕೊಂಡುಹೋಗು. ನೀವು ಯಾವ ಆ್ಯಪು ಮಾಡಿದರೂ ಮೊದಲು ಅದರಲ್ಲಿ ಹಾಕಿ, ನಿನ್ನ ಮೇಲಿನವರ ಕೈಯಲ್ಲಿ ಕೊಟ್ಟು, ಕನ್ನಡಕ ತೆಗೆಸಿ, ಇಡೀ ಅರ್ಜಿ ತುಂಬಿಸು. ಕೊನೆಗೆ ಒಂದು ಫೋಟೊ ತೆಗೆಸು. ತುಂಬಿಸಿದ್ದೆಲ್ಲ ಹಾಗೆಯೇ ಇದ್ದರೆ ನಮಗೆ ಕಳಿಸಿ, ಇಲ್ಲದಿದ್ದರೆ ಕಳಿಸಬೇಡಿ.

ಸೊಸೆ: ಚಾರ್ಜರ್ ಉಂಟಾ?

ಮಾವ: ಹಳೇ ಪಿನ್ನಿನದ್ದು. ಅಟ್ಟದಲ್ಲಿ ಹುಡುಕಬೇಕು, ಬೆಳಿಗ್ಗೆ ನೋಡುವಾ.